ಎರಡು ರಾತ್ರಿ ರೈಲಿನಲ್ಲಿ ಕಳೆದು ಅಮ್ಮನ ಮನೆ ತಲುಪಿದಾಗ ಮೊದಲ ದಿನವನ್ನು ಉಳಿಸಿಕೊಳ್ಳುವುದು ಹೇಗೆ?

ದೂರದ_ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ಮನೆಯಿಂದ ಅಮ್ಮನ ಮನೆಗೆ 38 ಗಂಟೆಗಳ ರೈಲು ದಾರಿ. ಸಂಜೆ 5ಕ್ಕೆ ಹೊರಟರೆ ಎರಡು ರಾತ್ರಿ ಕಳೆದು ಬೆಳಿಗ್ಗೆ 7ಕ್ಕೆ ಇಳಿಯುತ್ತೇವೆ. ವರ್ಷಕ್ಕೊಮ್ಮೆ ಆರು ವರ್ಷದ ಮಗನನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಇರಲು ಸಿಗುವುದು ನಾಲ್ಕೇ ದಿನ.

ಕಳೆದ ಸಲ ನಡೆದದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಮನೆ ಸೇರಿ, ಸ್ನಾನ ಮಾಡಿ, ಐದು ನಿಮಿಷ ಬೆನ್ನು ಚಾಚುತ್ತೇನೆಂದು ಮಲಗಿದವಳಿಗೆ ಎಚ್ಚರವಾದಾಗ ಹೊರಗೆ ಕತ್ತಲಾಗಿತ್ತು. ಅಮ್ಮ ಮಂಚದ ಪಕ್ಕದ ಕುರ್ಚಿಯಲ್ಲಿ ದೀಪವನ್ನೂ ಹಾಕದೆ ಕುಳಿತಿದ್ದರು. ಬೆಳಕು ಬಿದ್ದರೆ ನನಗೆ ಎಚ್ಚರವಾದೀತೆಂದು ಹಾಕಿರಲಿಲ್ಲವಂತೆ. ನಾಲ್ಕು ದಿನಗಳಲ್ಲಿ ಒಂದು ಹೀಗೆ ಹೋಯಿತು, ಕೊನೆಯದು ಬಟ್ಟೆ ಮಡಚಿ ಚೀಲ ಕಟ್ಟುವುದರಲ್ಲಿ ಹೋಯಿತು. ಹಿಂದಿರುಗುವಾಗ ರೈಲಿನಲ್ಲಿ ಕುಳಿತು ಲೆಕ್ಕ ಹಾಕಿದರೆ, ಅಮ್ಮನೊಂದಿಗೆ ಮನಸ್ಸಿಟ್ಟು ಕಳೆದದ್ದು ಎರಡೇ ದಿನವೆಂದು ತಿಳಿದು ಬಹಳ ಸಂಕಟವಾಯಿತು.

ದೂರದ ರೈಲು ಪ್ರಯಾಣ ಮಾಡಿ ಮನೆಯವರನ್ನು ನೋಡಲು ಹೋಗುವವರು ಇಲ್ಲಿ ಅನೇಕರಿದ್ದೀರಿ. ಇಳಿದ ಮೇಲೆ ಎದ್ದು ಓಡಾಡುವ ಸ್ಥಿತಿಯಲ್ಲಿರಲು ನೀವು ಏನು ಮಾಡುತ್ತೀರಿ?

ಕಿಟಕಿ_ಪಕ್ಕ

ಬೋಗಿಯ ನಡುಭಾಗದಲ್ಲಿ ಕೆಳಗಿನ ಬರ್ತ್ ಸಿಗುವಂತೆ ಮೊದಲೇ ಕಾಯ್ದಿರಿಸಿ. ಉಳಿದದ್ದೆಲ್ಲ ಆಮೇಲಿನ ಮಾತು.

ಹಳಿಯ_ನಂಟು

ನಾನು 28 ವರ್ಷ ರೈಲುಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು, ಆದ್ದರಿಂದ ಮೇಲಿನ ಮಾತಿಗೆ ಕಾರಣವನ್ನೂ ಸೇರಿಸುತ್ತೇನೆ. ಬೋಗಿಯ ಭಾರವೆಲ್ಲ ಎರಡು ತುದಿಗಳ ಬಳಿ ಇರುವ ಚಕ್ರಗಳ ಚೌಕಟ್ಟುಗಳ ಮೇಲೆ ಕುಳಿತಿರುತ್ತದೆ. ಹಳಿಗಳು ಕವಲೊಡೆಯುವ ಕಡೆ ಬೀಳುವ ಪೆಟ್ಟು ಮೊದಲು ತಗಲುವುದು ಅವುಗಳ ನೇರ ಮೇಲೆ ಮಲಗಿದವರಿಗೆ. ಬಾಗಿಲು, ಶೌಚಾಲಯ, ಬೋಗಿಯಿಂದ ಬೋಗಿಗೆ ದಾಟುವ ದಾರಿ ಇವೆಲ್ಲವೂ ಸಾಮಾನ್ಯವಾಗಿ ತುದಿಗಳಲ್ಲೇ ಇರುವುದರಿಂದ, ರಾತ್ರಿಯಿಡೀ ಬಾಗಿಲು ಬಡಿಯುವ ಸದ್ದು, ಜನ ಓಡಾಡುವ ಸದ್ದು, ಬೆಳಕು ಎಲ್ಲವೂ ಅಲ್ಲಿಯವರ ಪಾಲಿಗೇ. ನಡುಭಾಗದಲ್ಲಿ ಇವು ಅರ್ಧಕ್ಕರ್ಧ ಕಡಿಮೆಯಾದಂತೆ ಅನಿಸುತ್ತದೆ.

ಎತ್ತರದ ವಿಷಯವೂ ಹಾಗೆಯೇ. ತಿರುವಿನಲ್ಲಿ ಬೋಗಿ ಪಕ್ಕಕ್ಕೆ ವಾಲುವಾಗ ಕೆಳಗಿರುವವರಿಗಿಂತ ಮೇಲಿರುವವರು ಹೆಚ್ಚು ತೂಗುತ್ತಾರೆ. ತೆಂಗಿನ ಮರದ ಬುಡ ಅಲುಗದಿದ್ದರೂ ತಲೆ ಬಾಗುವುದಿಲ್ಲವೇ?

ಮೇಲಿನ_ಬರ್ತ್

ಹಳಿಯ_ನಂಟು ಅವರ ಅನುಭವಕ್ಕೆ ಗೌರವವಿದೆ, ಆದರೆ ಕೆಳಗಿನ ಬರ್ತನ್ನು ಎಲ್ಲರೂ ಇಷ್ಟು ಹೊಗಳುವುದನ್ನು ನಾನು ಒಪ್ಪಲಾರೆ. ಕೆಳಗಿನ ಬರ್ತ್ ಹಗಲಿನಲ್ಲಿ ಎಲ್ಲರ ಕುರ್ಚಿ. ಮಧ್ಯಾಹ್ನ ಒಂದು ಗಂಟೆ ಕಣ್ಣು ಮುಚ್ಚೋಣವೆಂದರೆ ಕಾಲ ಬಳಿ ಮೂವರು ಕುಳಿತಿರುತ್ತಾರೆ, ಎಬ್ಬಿಸಲು ಮನಸ್ಸು ಬರುವುದಿಲ್ಲ. ಮೇಲಿನ ಬರ್ತ್ ಇಡೀ ಪ್ರಯಾಣ ನಮ್ಮದೇ. ತೂಗಾಟ ನಿಜ, ಆದರೆ ತೂಗಾಟದಲ್ಲಿ ನಿದ್ರೆ ಬರುತ್ತದೆ, ಮಾತಿನ ಗದ್ದಲದಲ್ಲಿ ಬರುವುದಿಲ್ಲ.

ಕಿಟಕಿ_ಪಕ್ಕ

ಆರು ವರ್ಷದ ಮಗು ಜೊತೆಗಿದೆ ಎಂದು ಅವರು ಬರೆದಿದ್ದಾರೆ. ಮಗುವನ್ನು ಮೇಲೆ ಮಲಗಿಸಿ ತಾಯಿ ಕೆಳಗೆ ನಿದ್ರೆ ಮಾಡುವುದು ಸಾಧ್ಯವೇ?

ಮೇಲಿನ_ಬರ್ತ್

ಅದನ್ನು ನಾನು ಗಮನಿಸಿರಲಿಲ್ಲ. ಮಗು ಜೊತೆಗಿದ್ದರೆ ಕೆಳಗಿನದೇ ಸರಿ, ಒಪ್ಪಿದೆ.

ಸಮಯಪಾಲಕ

ಒಂದು ತಿದ್ದುಪಡಿ. ಕಾಲ ಬಳಿ ಕುಳಿತವರನ್ನು ಎಬ್ಬಿಸುವುದು ಎಲ್ಲ ಹೊತ್ತಿನಲ್ಲೂ ಮುಜುಗರದ ಮಾತಲ್ಲ. ಭಾರತದ ರೈಲುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಸಮಯವನ್ನು ಮಲಗುವುದಕ್ಕೆಂದೇ ನಿಗದಿಪಡಿಸಿ 2017ರಲ್ಲಿ ಸೂಚನೆ ಹೊರಡಿಸಿದ್ದಾರೆ. ಆ ಹೊತ್ತಿನಲ್ಲಿ ಬರ್ತ್ ಬಿಟ್ಟುಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಹಾಗೆಯೇ ಅಲ್ಲಿ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳ ಮೊದಲು ಆರಂಭವಾಗುತ್ತದೆ. ಹಳೆಯ ಲೆಕ್ಕದಲ್ಲೇ ಇರುವವರು ಇದನ್ನು ನೆನಪಿಟ್ಟುಕೊಂಡರೆ ಬೇಕಾದ ಬರ್ತ್ ಸಿಗುವ ಸಾಧ್ಯತೆ ಹೆಚ್ಚುತ್ತದೆ.

ನೇರದಾರಿ

ಕೇಳಿದ ಪ್ರಶ್ನೆಗೆ ಇದು ಉತ್ತರವಲ್ಲವೆಂದು ಬೈದರೂ ಚಿಂತೆಯಿಲ್ಲ, ಹೇಳಲೇಬೇಕು. ದೂರದ_ಮಗಳು ಅವರೇ, ವಿಮಾನದಲ್ಲಿ ಹೋಗಿ. ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಒಂದು ದಿನದೊಳಗೆ ಮುಗಿಯುವ ಕೆಲಸಕ್ಕೆ ಹೋಗುವಾಗ ಎರಡು ರಾತ್ರಿ, ಬರುವಾಗ ಎರಡು ರಾತ್ರಿ ಕೊಡುತ್ತಿದ್ದೀರಿ. ಅಮ್ಮನೊಂದಿಗೆ ದಿನಗಳು ಕಡಿಮೆಯಾದವೆಂಬ ನಿಮ್ಮ ಸಂಕಟ ನಿಜವಾದದ್ದು. ಅಷ್ಟು ನಿಜವಾದದ್ದಾದರೆ, ಕಡಿಮೆ ಮಾಡಬೇಕಾದದ್ದು ದಾರಿಯ ಹೊತ್ತನ್ನೇ. ನನ್ನ ತಂದೆ ತೀರಿಕೊಳ್ಳುವ ಹಿಂದಿನ ಮೂರು ವರ್ಷ ನಾನೂ ರೈಲಿನಲ್ಲೇ ಹೋಗಿಬರುತ್ತಿದ್ದೆ. ಆ ದಾರಿಯಲ್ಲಿ ಕಳೆದ ದಿನಗಳನ್ನು ಈಗ ಯಾರಾದರೂ ಹಿಂದಕ್ಕೆ ಕೊಟ್ಟರೆ ಸಾಕೆನಿಸುತ್ತದೆ.

ದೂರದ_ಮಗಳು

ನೇರದಾರಿ ಅವರೇ, ಯಾಕೆ ಬೈಯಲಿ, ನೀವು ಕಂಡುಂಡು ಹೇಳುತ್ತಿದ್ದೀರಿ. ವಿಮಾನವನ್ನು ಒಮ್ಮೆ ಪ್ರಯತ್ನಿಸಿದ್ದೇವೆ. ಇಳಿಯುವ ಹೊತ್ತಿಗೆ ಮಗನ ಕಿವಿನೋವು ತಡೆಯಲಾಗದಷ್ಟಾಗಿ ಎರಡು ದಿನ ಅತ್ತ. ಅಲ್ಲದೆ ನೇರ ವಿಮಾನವಿಲ್ಲ, ನಡುವೆ ಬದಲಿಸಬೇಕು, ಅಮ್ಮನ ಮನೆ ವಿಮಾನ ನಿಲ್ದಾಣದಿಂದ ಬಹಳ ದೂರ. ರೈಲು ನಿಲ್ದಾಣವಾದರೆ ನಡೆದು ಹೋಗುವಷ್ಟು ಹತ್ತಿರ. ಮಗ ದೊಡ್ಡವನಾದ ಮೇಲೆ ಮತ್ತೆ ಯೋಚಿಸುತ್ತೇನೆ.

ಹಸಿರುದಾರಿ

ತಲಾ ಲೆಕ್ಕದಲ್ಲಿ ರೈಲಿನಿಂದ ಆಗುವ ಇಂಗಾಲದ ಹೊರೆ ವಿಮಾನದ್ದಕ್ಕಿಂತ ಬಹಳ ಕಡಿಮೆ ಎಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ನೇರದಾರಿ

ಅದು ಸರಿ. ಆದರೆ ವರ್ಷಕ್ಕೊಮ್ಮೆ ತಾಯಿಯನ್ನು ನೋಡಲು ಹೋಗುವವರ ಮೇಲೆ ಆ ಹೊರೆಯನ್ನು ಹೊರಿಸುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

ಅರೆನಿದ್ರೆ

ನಾನು ನಿದ್ರೆಯ ಬಗ್ಗೆ ಸ್ವಲ್ಪ ಓದಿಕೊಂಡಿದ್ದೇನೆ, ಅದರಿಂದ ಒಂದು ಉಪಯೋಗವಾದೀತು. ಹೊಸ ಜಾಗದಲ್ಲಿ ಮೊದಲ ರಾತ್ರಿ ಸರಿಯಾಗಿ ನಿದ್ರೆ ಬಾರದಿರುವುದು ಎಲ್ಲರ ಅನುಭವ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಒಂದು ಪಾರ್ಶ್ವ ಇನ್ನೊಂದರಷ್ಟು ಆಳವಾಗಿ ನಿದ್ರಿಸದೆ, ಅಪರಿಚಿತ ಸದ್ದುಗಳಿಗೆ ಹೆಚ್ಚು ಎಚ್ಚರವಾಗಿರುವುದು ಕಂಡುಬಂದಿತು. ಕಾವಲಿಗೆ ಒಬ್ಬರನ್ನು ಕೂರಿಸಿ ಉಳಿದವರು ಮಲಗಿದಂತೆ.

ದೂರದ_ಮಗಳು ಅವರ ಪ್ರಯಾಣದಲ್ಲಿ ರೈಲಿನ ಮೊದಲ ರಾತ್ರಿ ಇಂಥದ್ದು. ಎರಡನೆಯದು ಸ್ವಲ್ಪ ವಾಸಿಯಾಗಬೇಕಿತ್ತು, ಆದರೆ ಬೆಳಿಗ್ಗೆ 7ಕ್ಕೆ ಇಳಿಯಬೇಕೆಂಬ ಆತಂಕ ಅದನ್ನೂ ಕೆಡಿಸುತ್ತದೆ. ನಾಲ್ಕು ಗಂಟೆಯಿಂದಲೇ ಗಡಿಯಾರ ನೋಡುತ್ತ ಮಲಗಿರುತ್ತೇವೆ. ಹೀಗೆ ಎರಡು ರಾತ್ರಿಯ ನಿದ್ರೆಯ ಸಾಲ ಹೊತ್ತು ಬೆಳಿಗ್ಗೆ ಮನೆ ಸೇರಿದ ಮೇಲೆ ಹಗಲೆಲ್ಲ ಮಲಗುವುದು ದೇಹ ತನ್ನ ಬಾಕಿಯನ್ನು ವಸೂಲು ಮಾಡುವ ಕ್ರಮ, ಅದಕ್ಕೆ ನೀವು ನಿಮ್ಮನ್ನು ದೂಷಿಸಿಕೊಳ್ಳಬೇಡಿ. ಮನೆಯಲ್ಲಿ ಬಳಸುವ ದಿಂಬಿನ ಚೀಲ ಮತ್ತು ಹೊದಿಕೆಯನ್ನೇ ಒಯ್ಯಿರಿ. ಪರಿಚಿತ ವಾಸನೆ ಮತ್ತು ಸ್ಪರ್ಶದಿಂದ ನನಗಂತೂ ಬಹಳ ಸಹಾಯವಾಗಿದೆ. ಕಿವಿಗೆ ಹತ್ತಿ, ಕಣ್ಣಿಗೆ ಪಟ್ಟಿ ಇರಲೇಬೇಕು.

ಶುಶ್ರೂಷಕಿ

ನಿದ್ರೆಯ ಜೊತೆಗೆ ಕಾಲುಗಳನ್ನೂ ಮರೆಯಬೇಡಿ. ನಾಲ್ಕು ಗಂಟೆ ಅಥವಾ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಪ್ರಯಾಣಿಸಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಅದು ವಿಮಾನಕ್ಕೆ ಮಾತ್ರವಲ್ಲ, ರೈಲು, ಬಸ್ಸು, ಕಾರಿಗೂ ಅನ್ವಯಿಸುತ್ತದೆ. ಒಟ್ಟು ಅಪಾಯ ಆರೋಗ್ಯವಂತರಿಗೆ ಚಿಕ್ಕದೇ, ಹೆದರುವ ಅಗತ್ಯವಿಲ್ಲ. ಆದರೆ ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಹಿಂದೆ ಒಮ್ಮೆ ಹೆಪ್ಪುಗಟ್ಟಿದ್ದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ರೈಲಿನ ದೊಡ್ಡ ಅನುಕೂಲವೇ ಎದ್ದು ನಡೆಯಬಹುದು ಎಂಬುದು. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರನ್ನೇ ಕುಡಿಯದೆ ಎರಡು ದಿನ ಕಳೆಯುವ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಇಳಿದ ಮೇಲೆ ಅವರಿಗೆ ಬರುವ ತಲೆನೋವು, ಸುಸ್ತಿನಲ್ಲಿ ಅದರ ಪಾಲೂ ಇದೆ.

ಮಗುವಿನ ಬಗ್ಗೆಯೂ ಒಂದು ಮಾತು. ಪ್ರಯಾಣದಲ್ಲಿ ಹೊಟ್ಟೆ ತೊಳಸುವುದು ಎರಡು ವರ್ಷದೊಳಗಿನ ಕೂಸುಗಳಿಗೆ ಅಪರೂಪ, ಆರೇಳು ವರ್ಷದಿಂದ ಹನ್ನೆರಡರವರೆಗೆ ಹೆಚ್ಚು. ಒಳಕಿವಿಗೆ ಚಲನೆ ತಿಳಿಯುತ್ತಿರುವಾಗ ಕಣ್ಣು ನಿಶ್ಚಲವಾದ ಪುಟವನ್ನೋ ಫೋನನ್ನೋ ನೋಡುತ್ತಿದ್ದರೆ ಎರಡರ ವರದಿಗಳೂ ಹೊಂದದೆ ಹೀಗಾಗುತ್ತದೆ. ರೈಲು ಚಲಿಸುವ ದಿಕ್ಕಿಗೆ ಮುಖ ಮಾಡಿಸಿ ಕೂರಿಸಿ, ದೂರದ ಬೆಟ್ಟವನ್ನೋ ಮರವನ್ನೋ ತೋರಿಸಿ.

ತಪ್ಪಿದ_ರೈಲು

ನಿದ್ರೆ ಕೆಟ್ಟರೂ ರೈಲು ಸಿಕ್ಕರೆ ಸಾಕು ಎಂದು ನಾನು ಹೇಳುವಂತಾಗಿದೆ. ಮೂರು ವರ್ಷದ ಹಿಂದೆ ಅಣ್ಣನ ಮಗಳ ಮದುವೆಗೆ ಹೊರಟಿದ್ದೆ. ಟಿಕೆಟಿನಲ್ಲಿ 14ನೇ ತಾರೀಕು, 00:20 ಎಂದಿತ್ತು. ನಾನು 14ರ ರಾತ್ರಿ ಊಟ ಮುಗಿಸಿ, ಹನ್ನೊಂದೂವರೆಗೆ ನಿಲ್ದಾಣಕ್ಕೆ ಹೋಗಿ, ಬೆಂಚಿನ ಮೇಲೆ ನೆಮ್ಮದಿಯಾಗಿ ಕುಳಿತೆ. ರೈಲೂ ಬಂತು, ನನ್ನ ಬರ್ತಿನಲ್ಲಿ ಬೇರೊಬ್ಬರು ಮಲಗಿದ್ದರು. ಟಿಕೆಟ್ ತಪಾಸಕರು ಕೈದೀಪ ಹಿಡಿದು ನನ್ನ ಚೀಟಿ ನೋಡಿ, ‘ಅಮ್ಮಾ, ನಿಮ್ಮ ರೈಲು ನಿನ್ನೆ ರಾತ್ರಿಯೇ ಹೋಯಿತು’ ಎಂದರು. 13ರ ರಾತ್ರಿ ಹನ್ನೆರಡು ದಾಟಿದ ಕೂಡಲೇ 14 ಆಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಅಲ್ಲಿಂದ ಮುಂದಿನ ಎರಡು ದಿನ ಬದಲಿ ರೈಲುಗಳಲ್ಲಿ ನಿಂತು, ಕುಳಿತು, ತಾಳಿ ಕಟ್ಟಿದ ಮೇಲೆ ತಲುಪಿದೆ. ಮಧ್ಯರಾತ್ರಿಯ ರೈಲಾದರೆ ಟಿಕೆಟ್ ಕೈಗೆ ಬಂದ ದಿನವೇ ‘ಇಂಥ ವಾರದ ರಾತ್ರಿ ಮನೆ ಬಿಡಬೇಕು’ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ.

ಸಮಯಪಾಲಕ

ಓದಿ ಬಹಳ ಬೇಸರವಾಯಿತು. ಈ ತಪ್ಪು ಎಷ್ಟೋ ಜನರಿಗೆ ಆಗುತ್ತದೆ.

ರೈಲು ಗಡಿಯಾರಗಳ ಗೊಂದಲ ಇನ್ನೂ ಹಲವು ಬಗೆಯದು. ಮಾಸ್ಕೋದಿಂದ ವ್ಲಾಡಿವೊಸ್ಟೋಕ್‌ವರೆಗಿನ 9,289 ಕಿಲೋಮೀಟರ್ ಹಾದಿಯಲ್ಲಿ 2018ರ ಆಗಸ್ಟ್‌ವರೆಗೂ ಎಲ್ಲ ಟಿಕೆಟ್‌ಗಳಲ್ಲಿ ಮಾಸ್ಕೋ ಸಮಯವನ್ನೇ ಮುದ್ರಿಸುತ್ತಿದ್ದರು. ಪೂರ್ವದ ತುದಿಯಲ್ಲಿರುವ ಅಜ್ಜಿ ಮೊಮ್ಮಕ್ಕಳನ್ನು ಕರೆತರಲು ನಿಲ್ದಾಣಕ್ಕೆ ಹೋಗಬೇಕಾದರೆ ಟಿಕೆಟಿನಲ್ಲಿರುವ ಗಂಟೆಗೆ ಏಳು ಕೂಡಿಸಬೇಕಾಗಿತ್ತು. ಈಗ ಆಯಾ ಊರಿನ ಸಮಯವನ್ನೇ ಕೊಡುತ್ತಾರೆ. ಅಮೆರಿಕದಲ್ಲಿ ಶರತ್ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುವ ರಾತ್ರಿ, ಓಡುತ್ತಿರುವ ಆಮ್‌ಟ್ರಾಕ್ ರೈಲುಗಳು ವೇಳೆಗೆ ಮೊದಲೇ ಮುಂದಿನ ನಿಲ್ದಾಣ ಬಿಟ್ಟುಹೋಗಬಾರದೆಂದು ಒಂದು ನಿಲ್ದಾಣದಲ್ಲಿ ಆ ಒಂದು ಗಂಟೆ ಕಾದು ನಿಲ್ಲುತ್ತವೆ.

ಉತ್ತರಧ್ರುವ

ಕೆನಡಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಟೊರಾಂಟೊದಿಂದ ವ್ಯಾಂಕೂವರ್‌ಗೆ 4,466 ಕಿಲೋಮೀಟರ್, ರೈಲಿನಲ್ಲಿ ನಾಲ್ಕು ರಾತ್ರಿ. ಹಳಿಗಳ ಬಹುಪಾಲು ಸರಕು ಸಾಗಣೆಯ ಕಂಪನಿಗಳ ಒಡೆತನದಲ್ಲಿರುವುದರಿಂದ, ಉದ್ದನೆಯ ಸರಕು ರೈಲುಗಳಿಗೆ ದಾರಿಬಿಟ್ಟು ನಮ್ಮ ರೈಲು ಪಕ್ಕದ ಹಳಿಯಲ್ಲಿ ಗಂಟೆಗಟ್ಟಲೆ ನಿಲ್ಲುವುದುಂಟು. ತಂಗಿಯ ಮನೆಗೆ ಹೋದಾಗ ನಾನು ಕಲಿತ ಪಾಠವೆಂದರೆ, ತಲುಪುವ ದಿನವನ್ನು ಮಾತ್ರ ಹೇಳಬೇಕು, ಗಂಟೆಯನ್ನು ಹೇಳಬಾರದು. ಗಂಟೆ ಹೇಳಿದರೆ ವಯಸ್ಸಾದವರು ಅದಕ್ಕೂ ಒಂದು ಗಂಟೆ ಮೊದಲೇ ಪ್ಲಾಟ್‌ಫಾರ್ಮಿಗೆ ಬಂದು ಚಳಿಯಲ್ಲಿ ನಿಂತಿರುತ್ತಾರೆ.

ಕಾಯುವ_ತಾಯಿ

ಉತ್ತರಧ್ರುವ ಅವರೇ, ನಿಮ್ಮ ಮಾತಿನ ಹಿಂದಿರುವ ಕಾಳಜಿ ಅರ್ಥವಾಗುತ್ತದೆ. ಆದರೆ ಗಂಟೆ ಹೇಳದಿದ್ದರೆ ನಾವು ಬೆಳಗಿನಿಂದಲೇ ಕಾಯುತ್ತೇವೆ, ಅಷ್ಟೇ ವ್ಯತ್ಯಾಸ.

ನಾನು 71 ವರ್ಷದವಳು, ಮಗ ಸೊಸೆ ಎರಡು ದಿನದ ರೈಲು ದಾರಿಯಲ್ಲಿದ್ದಾರೆ. ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ದೂರದ_ಮಗಳು, ನಿನ್ನನ್ನು ಏಕವಚನದಲ್ಲಿ ಕರೆದರೆ ತಪ್ಪು ತಿಳಿಯಬೇಡಮ್ಮ. ನೀನು ಮಲಗಿದ್ದ ಆ ದಿನವನ್ನು ಕಳೆದುಹೋದ ದಿನವೆಂದು ಬರೆದಿದ್ದೀಯ. ನನ್ನ ಮಗ ಬಂದಾಗಲೂ ಮೊದಲ ದಿನ ಹೀಗೆಯೇ ಮಲಗುತ್ತಾನೆ. ನಾನು ಬಾಗಿಲ ಬಳಿ ನಿಂತು ನೋಡುತ್ತೇನೆ. ಚಿಕ್ಕವನಾಗಿದ್ದಾಗ ಒಂದು ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ, ತಲೆ ನರೆತ ಮೇಲೂ ಹಾಗೆಯೇ ಮಲಗುತ್ತಾನೆ. ಆ ದಿನ ಮನೆಯಲ್ಲಿ ಪಾತ್ರೆಯ ಸದ್ದಾಗದಂತೆ ನೋಡಿಕೊಳ್ಳುವುದೇ ನನಗೆ ದೊಡ್ಡ ಕೆಲಸ, ಸಂತೋಷದ ಕೆಲಸ. ನಿನ್ನ ಅಮ್ಮ ಕತ್ತಲಲ್ಲಿ ಕುಳಿತಿದ್ದಕ್ಕೆ ನೀನು ಮರುಗಬೇಡ. ಅವರ ಲೆಕ್ಕದಲ್ಲಿ ನೀನು ನಾಲ್ಕು ದಿನವೂ ಇದ್ದೆ.

ದೂರದ_ಮಗಳು

ತಪ್ಪು ತಿಳಿಯುವುದೇನು ಬಂತಮ್ಮ, ಇದನ್ನು ಎರಡು ಸಲ ಓದಿದೆ. ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ.

ನೇರದಾರಿ

ಅಮ್ಮನವರ ಮಾತು ನನ್ನ ಮನಸ್ಸಿಗೂ ತಟ್ಟಿತು. ಆದರೂ ಮಕ್ಕಳ ಲೆಕ್ಕವೂ ಒಂದು ಲೆಕ್ಕವೇ ಅಲ್ಲವೇ? ಮಲಗಿದ್ದವರಿಗೆ ಆ ದಿನ ನೆನಪಿನಲ್ಲಿ ಉಳಿಯುವುದಿಲ್ಲ. ಆಮೇಲೆ ಹುಡುಕಿದರೂ ಸಿಗುವುದಿಲ್ಲ.

ಹಳಿಯ_ನಂಟು

ಹಾಗಾದರೆ ಮಲಗುವ ಹೊತ್ತನ್ನೇ ಬದಲಿಸೋಣ. ಬೆಳಿಗ್ಗೆ ತಲುಪುವ ರೈಲನ್ನು ಬಿಟ್ಟು ಸಂಜೆ ತಲುಪುವ ರೈಲು ನಿಮ್ಮ ದಾರಿಯಲ್ಲಿ ಇದೆಯೇ, ನೋಡಿದ್ದೀರಾ? ನನ್ನ ಸೇವೆಯ ಕಾಲದಲ್ಲಿ ನೋಡಿದ್ದು ಇದು: ಜನ ಯಾವಾಗಲೂ ಕಡಿಮೆ ಗಂಟೆಯ ರೈಲನ್ನೇ ಹುಡುಕುತ್ತಾರೆ, ಅದು ಯಾವ ಹೊತ್ತಿಗೆ ಇಳಿಸುತ್ತದೆಂದು ನೋಡುವುದಿಲ್ಲ. ಬೆಳಗಿನ ಜಾವ ಇಳಿಸುವ ವೇಗದ ರೈಲು ಎರಡನೆಯ ರಾತ್ರಿಯನ್ನೂ ಮರುದಿನದ ಹಗಲನ್ನೂ ಕೆಡಿಸುತ್ತದೆ. ಸಂಜೆ ಇಳಿಸುವ ನಿಧಾನದ ರೈಲಿನಲ್ಲಿ ಎರಡನೆಯ ರಾತ್ರಿ ಗಡಿಯಾರ ನೋಡುವ ಚಿಂತೆಯಿಲ್ಲದೆ ಮಲಗಬಹುದು, ಬೆಳಿಗ್ಗೆ ತಡವಾಗಿ ಏಳಬಹುದು. ಮನೆ ಸೇರಿದ ಮೇಲೆ ಎರಡು ಗಂಟೆ ಮಾತಾಡಿ, ಎಲ್ಲರೂ ಮಲಗುವ ಹೊತ್ತಿಗೆ ನೀವೂ ಮಲಗುತ್ತೀರಿ. ಮರುದಿನ ಬೆಳಿಗ್ಗೆ ಎದ್ದಾಗ ದೇಹ ಆ ಮನೆಯ ಗಡಿಯಾರಕ್ಕೆ ಹೊಂದಿಕೊಂಡಿರುತ್ತದೆ.

ಕಿಟಕಿ_ಪಕ್ಕ

ಹೆಚ್ಚು ಗಂಟೆ ರೈಲಿನಲ್ಲಿದ್ದರೆ ಆಯಾಸ ಕಡಿಮೆಯಾಗುತ್ತದೆ ಎಂಬುದನ್ನು ಒಪ್ಪುವುದು ಕಷ್ಟ.

ಅರೆನಿದ್ರೆ

ಎರಡನೆಯ ರಾತ್ರಿ ನಿಜವಾಗಿ ನಿದ್ರೆ ಬಂದರೆ ಕಡಿಮೆಯಾಗುತ್ತದೆ. ದಾರಿಯ ಉದ್ದಕ್ಕಿಂತ ಮುರಿದ ನಿದ್ರೆಯೇ ಹೆಚ್ಚು ದಣಿಸುತ್ತದೆ. ನಾನು ಹಳಿಯ_ನಂಟು ಅವರ ಪರ.

ಯೂರೋಪ್_ವಾಸಿ

ದಾರಿಯಲ್ಲಿ ರೈಲು ಬದಲಿಸಬೇಕಾದವರಿಗೆ ಇನ್ನೊಂದು ಎಚ್ಚರಿಕೆ. ಎರಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ನಷ್ಟ ನಿಮ್ಮದೇ ಆಗಬಹುದು. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಇದ್ದರೆ ಹೊಣೆ ಅವರದು. ಐರೋಪ್ಯ ಒಕ್ಕೂಟದ ನಿಯಮದಂತೆ ಸಾಮಾನ್ಯವಾಗಿ 60 ನಿಮಿಷ ತಡವಾದರೆ ಟಿಕೆಟ್ ಹಣದ ಶೇ. 25, 120 ನಿಮಿಷವಾದರೆ ಶೇ. 50 ಪರಿಹಾರ ಕೇಳಬಹುದು. ನಾನು ಮಾವನವರ ಮನೆಗೆ ಹೋಗುವಾಗ ನಡುವೆ ಎರಡು ಗಂಟೆ ಬಿಡುವು ಇಟ್ಟುಕೊಳ್ಳುತ್ತೇನೆ. ಹಣ ಹಿಂದಕ್ಕೆ ಬಂದರೂ ತಪ್ಪಿದ ಸಂಜೆ ಬರುವುದಿಲ್ಲ.

ಶುಶ್ರೂಷಕಿ

ಕೊನೆಯ ದಿನ ಚೀಲ ಕಟ್ಟುವುದರಲ್ಲಿ ಹೋಯಿತೆಂಬ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ. ನಾನು ಮೂರನೆಯ ದಿನ ರಾತ್ರಿಯೇ ಎಲ್ಲವನ್ನೂ ಕಟ್ಟಿಟ್ಟು, ಕೊನೆಯ ದಿನಕ್ಕೆ ಒಂದು ಜೊತೆ ಬಟ್ಟೆ ಮಾತ್ರ ಹೊರಗಿಡುತ್ತೇನೆ. ಚೀಲದ ಬಾಯಿ ಮುಚ್ಚಿದ ಮೇಲೆ ತಂದೆಯವರೂ ಇನ್ನಷ್ಟು ಸಾಮಾನು ತಂದು ತುಂಬುವುದಿಲ್ಲ, ನಮ್ಮ ಜೊತೆ ಕೂರುತ್ತಾರೆ.

ದೂರದ_ಮಗಳು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ವೇಳಾಪಟ್ಟಿ ತೆಗೆದು ನೋಡಿದೆ. ರಾತ್ರಿ 10ಕ್ಕೆ ಹೊರಟು 44 ಗಂಟೆ ತೆಗೆದುಕೊಂಡು ಮೂರನೆಯ ದಿನ ಸಂಜೆ 6ಕ್ಕೆ ತಲುಪುವ ರೈಲೊಂದು ನಮ್ಮ ದಾರಿಯಲ್ಲೇ ಇದೆ. ಆರು ಗಂಟೆ ಹೆಚ್ಚೆಂಬ ಒಂದೇ ಕಾರಣಕ್ಕೆ ಇಷ್ಟು ವರ್ಷ ಅದರ ಕಡೆ ಕಣ್ಣು ಹಾಯಿಸಿರಲಿಲ್ಲ. 10ಕ್ಕೆ ಹೊರಡುವುದರಿಂದ ಕಚೇರಿಯಲ್ಲಿ ಅರ್ಧ ದಿನದ ರಜೆಯೂ ಉಳಿಯುತ್ತದೆ, ಹತ್ತಿದ ಕೂಡಲೇ ಮಗ ಮಲಗುತ್ತಾನೆ. ಬೋಗಿಯ ನಡುವಿನ ಎರಡು ಬರ್ತ್ ಸಿಕ್ಕಿವೆ, ಒಂದು ಕೆಳಗಿನದು, ಅದರಲ್ಲಿ ನಾನೂ ಮಗನೂ ಸರದಿಯಲ್ಲಿ ಕಿಟಕಿ ಹಿಡಿಯುತ್ತೇವೆ. ಹಿಂದಿರುಗುವ ದಿನಕ್ಕೆ ಶುಶ್ರೂಷಕಿ ಅವರ ಕ್ರಮವನ್ನೇ ಅನುಸರಿಸುತ್ತೇನೆ.

ಹಳಿಯ_ನಂಟು

ಬಹಳ ಸಂತೋಷ. ನೀವು ಇಳಿಯುವುದು ಕೊನೆಯ ನಿಲ್ದಾಣವೋ, ನಡುವಿನದ್ದೋ? ನಡುವಿನದ್ದಾದರೆ ಅರ್ಧ ಗಂಟೆ ಮೊದಲೇ ಚಪ್ಪಲಿ ಹಾಕಿಕೊಂಡು, ಸಾಮಾನನ್ನು ಬಾಗಿಲ ಕಡೆಗೆ ಸರಿಸಿಕೊಂಡು ಸಿದ್ಧರಾಗಿರಿ. ಯಾವ ಕಡೆಯ ಬಾಗಿಲಿಗೆ ಪ್ಲಾಟ್‌ಫಾರ್ಮ್ ಬರುತ್ತದೆಂದೂ ಕೇಳಿಟ್ಟುಕೊಳ್ಳಿ.

ದೂರದ_ಮಗಳು

ನಡುವಿನದ್ದೇ, ಎರಡು ನಿಮಿಷದ ನಿಲುಗಡೆ. ಪ್ರತಿಸಲ ಅಮ್ಮ ರೈಲಿನ ಮೊದಲ ಬೋಗಿಯಿಂದ ಒಂದೊಂದೇ ಕಿಟಕಿಗೆ ಕಣ್ಣಿಟ್ಟು ನೋಡುತ್ತ ಓಡುನಡಿಗೆಯಲ್ಲಿ ಬರುತ್ತಾರೆ, ನಾವು ಹಿಂದಿನ ಬೋಗಿಯಲ್ಲಿ ಇಳಿದು ಅವರನ್ನು ಕೂಗುತ್ತಿರುತ್ತೇವೆ. ಕಾಯುವ_ತಾಯಿಯವರ ಮಾತು ಓದಿದ ಮೇಲೆ ಇಂದು ಬೆಳಿಗ್ಗೆ ಫೋನ್ ಮಾಡಿ ಅಮ್ಮನಿಗೆ ತಾರೀಕು, ಗಂಟೆ ಎರಡನ್ನೂ ಹೇಳಿದೆ, ಬೋಗಿಯ ಸಂಖ್ಯೆಯನ್ನೂ ಹೇಳಿದೆ. ಅದು ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ಬಂದು ನಿಲ್ಲುತ್ತದೆಂದು ನಾಳೆಯೇ ನಿಲ್ದಾಣಕ್ಕೆ ಹೋಗಿ ಕೇಳಿಕೊಂಡು ಬರುತ್ತಾರಂತೆ. ನಮ್ಮ ಪ್ರಯಾಣಕ್ಕೆ ಇನ್ನೂ ಐದು ವಾರವಿದೆ.